ಓಯ್ವ ಹೊತ್ತು ತಂದ ಬ್ಯಾಟರಿ

ಉತ್ತರದ ಹಿಮನಾಡಿನ ನಮ್ಮೂರಿನಲ್ಲಿ ಓಯ್ವ ಮತ್ತು ಟಾವ್ನೊ ನಾನು ಮೇಷ್ಟ್ರಾಗಿದ್ದ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಕಲಿತವರು. ದೊಡ್ಡವರಾದ ಮೇಲೆ ಇಬ್ಬರೂ ಸೇರಿ ಒಂದು ಕೊಯ್ಲು ಯಂತ್ರ ಕೊಂಡರು. ಅದು ನಿಲ್ಲುತ್ತಿದ್ದದ್ದು ಟಾವ್ನೊನ ಕೊಟ್ಟಿಗೆಯಲ್ಲಿ. ಕಾಗದವೂ ಅವನ ಹೆಸರಿನಲ್ಲೇ. ನಮ್ಮ ನಡುವೆ ಕಾಗದ ಏತಕ್ಕೆ ಎಂದು ಓಯ್ವನೇ ಹೇಳಿದ್ದನಂತೆ.

ಆದರೆ ಹಿಮ ಬೀಳುವ ಮೊದಲು ಅದನ್ನು ಚಳಿಗಾಲಕ್ಕೆಂದು ಮಲಗಿಸುವ ಕೆಲಸ ಇಪ್ಪತ್ತೆರಡು ವರ್ಷ ಓಯ್ವನದೇ. ಇಲಿ ಗೂಡು ಕಟ್ಟದಂತೆ ಮೂಲೆಮೂಲೆಯ ಹೊಟ್ಟನ್ನು ತೆಗೆಯುವನು, ಸರಪಳಿಗಳಿಗೆ ಎಣ್ಣೆ ಬಿಡುವನು, ಬೆಲ್ಟುಗಳನ್ನು ಸಡಿಲಿಸುವನು. ಕೊನೆಗೆ ಚಳಿಗೆ ಕೆಡದಿರಲೆಂದು ಬ್ಯಾಟರಿ ಬಿಚ್ಚಿ, ಮಗುವಿನಂತೆ ಎದೆಗವಚಿಕೊಂಡು ಮನೆಗೆ ತರುವನು.

“ನೋಡಿ ಮೇಷ್ಟ್ರೇ, ಬೆಚ್ಚಗಿನ ಮೂಲೆ ಬ್ಯಾಟರಿಗೆ, ಕಿಟಕಿ ಪಕ್ಕದ ಚಳಿ ನನಗೆ,” ಎಂದು ಅವನ ಹೆಂಡತಿ ಹಿಲ್ಕಾ ಕಾಫಿ ಬಗ್ಗಿಸುತ್ತಾ ನಗುತ್ತಿದ್ದಳು. ಯಂತ್ರ ಮಲಗಿಸಿದ ವಾರದ ಶನಿವಾರ ಗೆಳೆಯರಿಬ್ಬರೂ ಓಯ್ವನ ಸೌನಾ ಕೋಣೆಯಲ್ಲಿ ಬಿಸಿ ಹಬೆಗೆ ಮೈಯೊಡ್ಡಿ ಕುಳಿತರೆ ಆ ವರ್ಷದ ಬೇಸಾಯ ಮುಗಿದಂತೆ.

ಕಡೆಯ ವರ್ಷ ಟಾವ್ನೊ ತಾನಾಗಿಯೇ ಬಂದು, ಯಂತ್ರಕ್ಕೆ ಮೇಣ ಹಚ್ಚಿ ಹೊಳೆಯುವಂತೆ ಒರೆಸು ಎಂದ. ಅದುವರೆಗೆ ‘ಇದೇನು ಮದುವೆ ಗಂಡೇ?’ ಎಂದು ಹಂಗಿಸುತ್ತಿದ್ದವನು! ಓಯ್ವನಿಗೆ ಹಿಗ್ಗು. ಎರಡು ದಿನ ಉಜ್ಜಿದ. ಬೆಲ್ಟು ಸಡಿಲಿಸಲು ಸ್ಪ್ಯಾನರ್ ಹಿಡಿದಾಗ ಟಾವ್ನೊ ತಡೆದ.

“ಬೆಲ್ಟು ಹಾಗೇ ಇರ್ಲಿ. ಬ್ಯಾಟರಿನೂ ತೆಗೀಬೇಡ.”

“ಮಲಗೋ ಮಿಷನ್ನಿಗೆ ಬ್ಯಾಟರಿ ಯಾಕೋ?”

ಟಾವ್ನೊ ಬಾಗಿಲ ಕಡೆ ನೋಡಿದ. ಓಯ್ವನಿಗೆ ತಿಳಿಯಿತು.

“ಯಾರಿಗೆ ಮಾರ್ದೆ?”

ಕೊಂಡವರು ದಕ್ಷಿಣದವರು, ಗುರುವಾರ ಬರುತ್ತಾರೆ, ನನ್ನ ಹೊಲವನ್ನೂ ಗುತ್ತಿಗೆಗೆ ಕೊಟ್ಟಾಯಿತು, ನಿನ್ನ ಪಾಲು ನಿನಗೆ ಸೇರುತ್ತದೆ ಎಂದು ಟಾವ್ನೊ ತಡವರಿಸಿದ. ಯಂತ್ರವಿಲ್ಲದೆ ಓಯ್ವನ ಓಟ್ಸ್ ಹೊಲ ಕೊಯ್ಯುವವರಿಲ್ಲ. ಇನ್ನೊಂದು ಕೊಳ್ಳುವ ವಯಸ್ಸೂ ಅವನದಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

“ಮೊದ್ಲೇ ಹೇಳಿದ್ರೆ ನೀನು ಬೇಡ ಅಂತಿದ್ದೆ,” ಎಂದ ಟಾವ್ನೊ.

“ಅದಕ್ಕೇ ನನ್ನ ಕೈಲೇ ಸಿಂಗಾರ ಮಾಡಿಸ್ದೆ.”

ಓಯ್ವ ಜಗಳವಾಡಲಿಲ್ಲ. ಬೆಲ್ಟುಗಳನ್ನು ಒಂದೊಂದಾಗಿ ಸಡಿಲಿಸಿದ, ಬ್ಯಾಟರಿ ಬಿಚ್ಚಿಕೊಂಡು ಮನೆಗೆ ನಡೆದ. ಹಿಲ್ಕಾ ಆ ದಿನ ನಗಲಿಲ್ಲ.

ಗುರುವಾರ ನಾನು ಅವರ ಅಡುಗೆಮನೆಯಲ್ಲಿ ಕುಳಿತಿದ್ದೆ. ಟಾವ್ನೊ ಬಾಗಿಲಲ್ಲಿ ಟೋಪಿ ತೆಗೆದು ನಿಂತ. ಲಾರಿ ಕಾಯುತ್ತಿದೆ ಎಂದ. ಓಯ್ವ ಎದ್ದು ಬ್ಯಾಟರಿಯನ್ನು ಅವನ ಕೈಗಿಟ್ಟ.

“ಚಾರ್ಜ್ ಮಾಡಿದೀನಿ. ಬೆಲ್ಟು ಬಿಗಿ ಮಾಡ್ಕೊಳ್ಳೋಕೆ ಹೇಳು ಅವ್ರಿಗೆ.”

ಟಾವ್ನೊ ಹೋಗಲೊಲ್ಲ. ಭಾರ ಹೊತ್ತುಕೊಂಡೇ ಕೇಳಿದ:

“ಶನಿವಾರ ಸೌನಾ ಕಾಯಿಸ್ತೀಯಾ?”

“ಕಾಯಿಸ್ತೀನಿ. ನನಗೂ ಹಿಲ್ಕಾಗೂ.”

ಮುಂದಿನ ವಸಂತದಲ್ಲಿ ಓಯ್ವ ಓಟ್ಸ್ ಬಿತ್ತಲಿಲ್ಲ.