ಡಿಸ್ಕಿಗೆ ಹಚ್ಚಿದ ಕುಸುಬಿ ಎಣ್ಣೆ

ಆಮ್ರಪಾಲಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಅವಳ ಹುಟ್ಟೂರು ಭಾತಂಬ್ರಾದಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ ಬಿಡಿ. ವಾರವಿಡೀ ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ದುಡಿದು, ರಜೆ ಸಿಕ್ಕಾಗ ರೇಸ್ ಬೈಕು ಓಡಿಸುವ ಹೆಣ್ಣುಮಗಳಿಗೆ ಊರೆಲ್ಲ ಬುದ್ಧಿ ಹೇಳಲು ಬಂದರೆ ಸಿಟ್ಟು ಬಾರದೆ ಇನ್ನೇನು ಬರಬೇಕು?

ಅವಳ ಗಾಡಿಗೆ ಲೈಟಿಲ್ಲ, ಕನ್ನಡಿಯಿಲ್ಲ, ನಂಬರ್ ಪ್ಲೇಟಿಲ್ಲ. ಟ್ರ್ಯಾಕಿಗೆಂದೇ ಇಟ್ಟ ಗಾಡಿ. ಸೋಮವಾರ ಹೈದರಾಬಾದ ಕಡೆಯ ಟ್ರ್ಯಾಕಿನಲ್ಲಿ ಹೆಣ್ಣುಮಕ್ಕಳ ತಂಡಕ್ಕೆ ಆಯ್ಕೆ ಇತ್ತು. ಅದಕ್ಕೆಂದು ಮುಂದಿನ ಗಾಲಿಗೆ ಹೊಸ ಬ್ರೇಕ್ ಪ್ಯಾಡ್ ತರಿಸಿದ್ದಳು. ಬೀದರಿನಲ್ಲಿ ಸಿಗುವ ಮಾಲಲ್ಲ ಅದು. ಬರುವಷ್ಟರಲ್ಲಿ ಜೀವ ತಿಂದಿತ್ತು. ಹಳೆಯವನ್ನು ತೆಗೆದು, ಪಿಸ್ಟನ್ ಒರೆಸಿ ಒಳಕ್ಕೆ ಒತ್ತಿ, ಉಜ್ಜುವ ಮೈಗೆ ಬೆರಳಿನ ಜಿಡ್ಡು ತಾಗದಂತೆ ಹೊಸವನ್ನು ಕೂಡಿಸಿದಳು. ಬ್ರೇಕಿನ ಹಿಡಿಕೆ ಗಟ್ಟಿಯಾಗುವವರೆಗೆ ಅದುಮಿದಳು.

ಕೂಡಿಸಿದರೆ ಮುಗಿಯುವುದಿಲ್ಲ, ಅವನ್ನು ಪಳಗಿಸಬೇಕು. ರವಿವಾರ ಬೆಳಿಗ್ಗೆ ಗಾಡಿ ತಳ್ಳಿಕೊಂಡು ಹೋಗಿ, ಕಾವಲುಗಾರನನ್ನು ಕೇಳಿ, ಮುಚ್ಚಿದ ಕಾರ್ಖಾನೆಯೊಂದರ ಅಂಗಳದಲ್ಲಿ ಓಡಿಸಿದಳು. ವೇಗ ಹಿಡಿದು ಮೆಲ್ಲಗೆ ಬ್ರೇಕ್. ಪೂರ್ತಿ ನಿಲ್ಲಿಸದೆ ಮತ್ತೆ ವೇಗ, ಮತ್ತೆ ಇನ್ನಷ್ಟು ಗಟ್ಟಿಯಾಗಿ ಬ್ರೇಕ್. ಆಮೇಲೆ ಬ್ರೇಕ್ ಮುಟ್ಟದೆ ಸುತ್ತಾಡಿಸಿ ಆರಿಸಿದಳು. ಗಾಲಿಯ ಜೊತೆ ತಿರುಗುವ ಡಿಸ್ಕಿನ ಮೇಲೆ ಪ್ಯಾಡಿನ ತೆಳುವಾದ ಬೂದು ಪದರ ಒಂದೇ ಸಮ ಹತ್ತಿತ್ತು. ಗಾಡಿ ನಿಲ್ಲುವುದೇ ಆ ಪದರದ ಬಲದಿಂದ. ನೋಡಿ ಅವಳಿಗೆ ಹೊಟ್ಟೆ ತುಂಬಿದಂತಾಯಿತು.

ಮಗಳನ್ನು ಕಳಿಸಿಕೊಡಲು ಅಪ್ಪ ಮಚ್ಛೇಂದ್ರ ಭಾತಂಬ್ರಾದಿಂದ ಬಂದಿದ್ದ. ಅವಳು ಸ್ನಾನಕ್ಕೆ ಹೋದಾಗ ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಡಿಸ್ಕಿನ ಹೊಳೆಯುವ ಕಬ್ಬಿಣಕ್ಕೆ ಬೂದು ಕಲೆ ಹಿಡಿದಿದೆ ಅನ್ನಿಸಿತು. ಅವರ ಮನೆಯಲ್ಲಿ ಕಬ್ಬಿಣವನ್ನು ಬರಿಮೈಯಲ್ಲಿ ಬಿಡುವುದಿಲ್ಲ; ಕುರ್ಪಿಯಾಗಲಿ, ಕುಡಗೋಲಾಗಲಿ, ಕುಂಟೆಯಾಗಲಿ, ಕೆಲಸ ಮುಗಿದರೆ ಕುಸುಬಿ ಎಣ್ಣೆ ಹಚ್ಚಿಯೇ ಎತ್ತಿಡುವುದು. ಮಗಳ ಅಡಿಗೆಗೆಂದು ತಂದ ಗಾಣದ ಎಣ್ಣೆಯ ಬಾಟಲಿ ತೆರೆದ. ಕಲೆ ಹೋಗುವವರೆಗೆ ತಿಕ್ಕಿದ. ಗಾಲಿ ತಿರುಗಿಸಿ ಪ್ಯಾಡಿನ ಸಂದಿಗೂ ಬಿಟ್ಟ.

ಹೊರಗೆ ಬಂದ ಆಮ್ರಪಾಲಿಗೆ ಮೊದಲು ವಾಸನೆ ಬಡಿಯಿತು. ಆಮೇಲೆ ಡಿಸ್ಕ್ ಕಂಡಿತು, ಥಳಥಳ ಹೊಳೆಯುತ್ತಿತ್ತು. ಕೈಯಲ್ಲಿದ್ದ ಟವೆಲ್ ನೆಲಕ್ಕೆ ಬಿಸಾಡಿದಳು. ಹುಟ್ಟಿದಾಗಿನಿಂದ ಇದೇ ಹಣೆಬರಹ: ಒಂದು ಮಾತು ಕೇಳುವುದಿಲ್ಲ, ಎಲ್ಲ ಬಲ್ಲವರಂತೆ ಕೈ ಹಾಕುತ್ತಾರೆ, ಆಮೇಲೆ ನಿನ್ನ ಸಲುವಾಗಿಯೇ ಮಾಡಿದೆ ಎನ್ನುತ್ತಾರೆ. ಬಾಯಿಗೆ ಬಂದದ್ದೆಲ್ಲ ಅಂದಳು. ಪಕ್ಕದ ಮನೆಯವರು ಇಣುಕಿದರು.

ಗಾಡಿ ಒಯ್ಯಲು ಔರಾದದಿಂದ ಟೆಂಪೋ ತಂದಿದ್ದ ಏಜಾಜ, ಪೆಟ್ರೋಲಿನಲ್ಲಿ ತೊಳೆದು ಹೋಗೋಣ ಎಂದ. ಅವನ ಮೇಲೂ ಉರಿದುಬಿದ್ದಳು. ಡಿಸ್ಕನ್ನು ತೊಳೆಯಬಹುದು, ಪ್ಯಾಡ್ ಎಣ್ಣೆ ಕುಡಿದಿವೆ, ತೊಳೆದರೆ ಹೋಗದು; ಹಳೆಯವಂತೂ ಸವೆದು ತಗಡಿಗೆ ಬಂದಿವೆ. ಟೆಂಪೋ ಖಾಲಿಯೇ ಹೋಯಿತು.

"ಚೂರು ಎಣ್ಣಿಗಿ ಇಷ್ಟ್ಯಾಕ ಸಿಟ್ಟು?" ಎಂದ ಮಚ್ಛೇಂದ್ರ. ಅವನಿಗೂ ರೋಷ ಬಂದಿತ್ತು.

ಆಮ್ರಪಾಲಿ ಅಪ್ಪನನ್ನು ಗಾಡಿಯ ಮೇಲೆ ಕೂಡಿಸಿದಳು. ಮನೆ ಮುಂದಿನ ಓಣಿ ಇಳಿಜಾರು.

"ಮುಂದಿನ ಬ್ರೇಕ್ ಹಿಡಿ ಅಪ್ಪಾ. ಪೂರಾ ಹಿಡಿ," ಎಂದು ಹಿಂದಿನಿಂದ ತಳ್ಳಿದಳು.

ಹಲ್ಲು ಕಚ್ಚಿ ಹಿಡಿದ. ಗಾಡಿ ಇಳಿಯುತ್ತಲೇ ಹೋಯಿತು. ಕೊನೆಗೆ ಅವಳೇ ಕಾಲೂರಿ, ಹಿಂದಿನಿಂದ ಜಗ್ಗಿ ನಿಲ್ಲಿಸಬೇಕಾಯಿತು. ಮಚ್ಛೇಂದ್ರ ಕೆಳಗಿಳಿದು ಡಿಸ್ಕನ್ನು ಬಗ್ಗಿ ನೋಡಿದ.

"ನೀ ಇದರ ಮ್ಯಾಲ ಎಷ್ಟು ಜೋರ ಹೋಗ್ತಿದ್ದಿ?"

ಹೇಳಿದಳು. ಅವನು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತ. ಸಂಜೆಯ ಬಸ್ಸಿಗೆ ಊರಿಗೆ ಹೋದ.

ಆಯ್ಕೆ ತಪ್ಪಿತು. ಮುಂದಿನದು ಇನ್ನು ಬರುವ ವರ್ಷ. ಮತ್ತೆ ಪ್ಯಾಡ್ ಬಂದ ಸುದ್ದಿ ಕೇಳಿ ಮಚ್ಛೇಂದ್ರ ಕರೆಯದೆಯೇ ಬಂದ. ಮನೆಯಂಗಳದ ಮೂಲೆಯಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತು, ಏನಾದರೂ ಹಿಡಿಯಲೇ ಎಂದು ಕೇಳಿದ. ಅವಳನ್ನು ಅವನು ಹಾಗೆ ಕೇಳಿದ್ದು ಅದೇ ಮೊದಲು. ಆಮ್ರಪಾಲಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಮೊದಲ ಸಾಬಣ ಹಚ್ಚಿ ಕೈ ತೊಳಕೊಂಡು ಬಾ," ಎಂದಳು.