ರುಕ್ಮಿಣಿಯ ಬೆಳ್ಳಿ ಲೋಟ

ನೆಂದ ವಿಭೂತಿಗೆ ಒಂದು ವಾಸನೆಯುಂಟು, ನೀವೂ ಬಲ್ಲಿರಿ. ತಣ್ಣಗೆ, ಸ್ವಲ್ಪ ಸುಣ್ಣದ ಹಾಗೆ. ದೇವರ ಮನೆಯ ವಾಸನೆ ಎನ್ನುತ್ತಾರೆ ಎಲ್ಲರೂ. ನನಗೆ ಮಾತ್ರ ಅದು ಹೊಟ್ಟೆಕಿಚ್ಚಿನ ವಾಸನೆ. ಈ ಬೆಳಗ್ಗೆ ಬಟ್ಟಲಿಗೆ ನೀರು ಹನಿಸುತ್ತಲೇ ನಜರ್‌ಬಾದ್‌ನ ನಮ್ಮ ಮನೆಯ ಹಳೆಯ ಜಗುಲಿ ಮೂಗಿನ ಮೇಲೆ ಬಂದು ಕೂತಿತು.

ನಮ್ಮ ಯಜಮಾನರಿಗೆ ನಾನು ಎರಡನೆಯವಳು. ಮೊದಲಿನವರು ರುಕ್ಮಿಣಿ, ಮದುವೆಯಾದ ಸ್ವಲ್ಪ ಕಾಲಕ್ಕೇ ತೀರಿಕೊಂಡಿದ್ದರು. ಅವರದೆಂದು ಮನೆಯಲ್ಲಿ ಉಳಿದದ್ದು, ತವರಿನವರು ಹೆಸರು ಹೊಡೆಸಿ ಕೊಟ್ಟ ಬೆಳ್ಳಿ ಲೋಟ. ಪ್ರತಿ ಶುಕ್ರವಾರ ಯಜಮಾನರು ಜಗುಲಿಯಲ್ಲಿ ಕೂತು, ವಿಭೂತಿ ಕಲಸಿ, ಹಳೆಯ ಪಂಚೆಯ ಚೂರಿನಿಂದ ಅದನ್ನು ಉಜ್ಜುತ್ತಿದ್ದರು. ಅವಸರವಿಲ್ಲ. ಹೆಬ್ಬೆರಳು ಹೆಸರಿನ ಮೇಲೇ ಸುತ್ತುತ್ತಿತ್ತು. ನನ್ನ ಜೊತೆ ಮಾತಾಡುವಾಗ ಪೇಪರ್ ಸಹ ಮಡಿಸದ ಮನುಷ್ಯ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಚಾಪೆಲ್ಲಿನ ಹಿತ್ತಾಳೆ ಕ್ಯಾಂಡಲ್‌ಸ್ಟಿಕ್ ಉಜ್ಜಿಸುತ್ತ ನಮ್ಮ ಸಿಸ್ಟರ್, "ಎಲ್ಬೋ ಗ್ರೀಸ್, ಗರ್ಲ್ಸ್" ಅನ್ನುತ್ತಿದ್ದರು, ತೋಳು ಸೋಲುವಷ್ಟು ಉಜ್ಜಿ ಎಂದರ್ಥ. ಜೆಲಸಿ ಒಂದು ಸಿನ್ ಎಂದು ಹೇಳಿಕೊಟ್ಟವರೂ ಅವರೇ. ಪಾಲಿಶ್ ಕಲಿತೆ, ಎರಡನೆಯದು ತಲೆಗೆ ಹತ್ತಲಿಲ್ಲ. ತೀರಿಹೋದವರ ಮೇಲೆ ಎಂಥ ಜೆಲಸಿ ಅನ್ನುತ್ತೀರಿ. ಬದುಕಿದ್ದರೆ ಜಗಳವಾದರೂ ಆಡಬಹುದಿತ್ತು.

ನನ್ನ ತವರಿನವರೂ ಹೆಸರು ಹೊಡೆಸಿದ ಲೋಟ ಕೊಟ್ಟಿದ್ದರು. ಅದನ್ನು ಬೇಕೆಂದೇ ಉಜ್ಜದೆ ಬಿಟ್ಟೆ. ಕಪ್ಪಾದ ಮೇಲೆ ಒಂದು ಶುಕ್ರವಾರ ಅವರ ಪಕ್ಕದಲ್ಲಿ, ಕಣ್ಣಿಗೆ ಬೀಳುವ ಹಾಗೆ ಇಟ್ಟೆ. ಎಂಥಾ ಸ್ಟ್ರಾಟೆಜಿ ನೋಡಿ.

"ನಿನ್ ಲೋಟ ಕಪ್ಪಾಗ್ಬುಟ್ಟಿದೆ ಕಣೆ. ಕೆಲಸದೋಳಿಗೆ ಕೊಡು," ಅಂದರು, ತಲೆಯೆತ್ತದೆ.

ಒಳಗಿನಿಂದ ನಾದಿನಿ ನಕ್ಕಳು. "ಇಂಗ್ಲಿಷ್‌ನಲ್ಲಿ ಕೇಳಿ ಅತ್ತಿಗೆ, ಉಜ್ಜಿಕೊಟ್ರೂ ಕೊಟ್ಟಾನು."

ಕೇಳಲಿಲ್ಲ. ನನ್ನ ಲೋಟ ಬೀರುವಿಗೆ ಹೋಯಿತು.

ಈಗ ಯಜಮಾನರಿಲ್ಲ. ಅವರು ಹೋದ ಮೇಲೆ ರುಕ್ಮಿಣಿಯ ಲೋಟವೂ ಕಪ್ಪಾಯಿತು; ನಾನು ಮುಟ್ಟಿರಲಿಲ್ಲ. ಮೊನ್ನೆ ಏನನ್ನಿಸಿತೋ, ಎರಡನ್ನೂ ಲಷ್ಕರ್ ಮೊಹಲ್ಲಾದ ಪಾಲಿಶ್ ಅಂಗಡಿಗೆ ಒಯ್ದೆ. ಅಂಗಡಿಯವರು ರುಕ್ಮಿಣಿಯದನ್ನು ಒರೆಸಿ ಬೆಳಕಿಗೆ ಹಿಡಿದರು.

"ಇದ್ರಲ್ಲಿ ಹೆಸರಿತ್ತೇನಮ್ಮ? ಉಜ್ಜೀ ಉಜ್ಜೀ ಸವೆಸ್ಬುಟ್ಟಿದೀರಲ್ಲ. 'ಣಿ' ಒಂದು ಉಳ್ಕೊಂಡಿದೆ. ಬಫಿಂಗ್ ಚಕ್ರಕ್ಕೆ ಹಿಡಿದ್ರೆ ಅದೂ ಹೋಯ್ತದೆ. ಹಿಡೀಲಾ?"

'ಹಿಡೀರಿ' ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಆ ಒಂದಕ್ಷರವೂ ಹೋದರೆ ಮನೆಯಲ್ಲಿ ನಾನೊಬ್ಬಳೇ. ಆದರೆ ಅವರ ಹೆಬ್ಬೆರಳು ಉಳಿಸಿಹೋದ ಕೆಲಸವನ್ನು ಮೆಷಿನ್ ಮುಗಿಸುವುದು ನನಗೇಕೋ ಸರಿಬರಲಿಲ್ಲ. ಲೋಟವನ್ನು ಚೀಲಕ್ಕೆ ಹಾಕಿಕೊಂಡೆ.

"ನಂದನ್ನ ಹಿಡೀರಿ."

"ಹೆಸರು ಸವೀತದೆ ಕಣಮ್ಮ."

"ಸವೀಲಿ ಬಿಡಿ."

ಚಕ್ರ ಗಿರ್ರೆಂದಿತು. ಕಪ್ಪೆಲ್ಲ ಹೋಗಿ ಲೋಟ ಕನ್ನಡಿಯಾಗಿ ಬಂತು. ಹೆಸರು ಮಾತ್ರ ಒಂದಕ್ಷರವೂ ಮಾಸದೆ, ನಿನ್ನೆ ಹೊಡೆಸಿದ ಹಾಗಿತ್ತು. "ನೋಡಿ, ನಿಮ್ಮ ಪುಣ್ಯ," ಎಂದು ಅಂಗಡಿಯವರು ಹೆಮ್ಮೆಯಿಂದ ನಕ್ಕರು. ನನಗೆ ಅಳು ಬಂತು. ಯಾರ ಬೆರಳೂ ತಾಗದ ಹೆಸರು ಎಷ್ಟು ಚೆನ್ನಾಗಿ ಉಳಿಯುತ್ತದೆ.

ಇಂದು ಶುಕ್ರವಾರ. ವಿಭೂತಿ ನೆಂದಿದೆ, ಅವರ ಪಂಚೆಯ ಚೂರೂ ಸಿಕ್ಕಿತು. ಎರಡು ಲೋಟಗಳೂ ಮುಂದಿವೆ. ರುಕ್ಮಿಣಿಯದನ್ನೂ ಉಜ್ಜುತ್ತೇನೆ, ಆ 'ಣಿ'ಯನ್ನು ಬಿಟ್ಟು, ಸುತ್ತಲೂ.

ಆದರೆ ಮೊದಲು ನನ್ನದು, ಹೆಸರಿನ ಮೇಲೇ.