ಯುಗಾದಿಗೆ ಬಾರದ ತಲೆನೋವು

“ಯುಗಾದಿ ಕಳೀತು, ಈ ಸಲಾನೂ ಬರ್ಲಿಲ್ವೇನಪ್ಪಾ?”

ದಂಡಿನಶಿವರದಿಂದ ಬಂದಿದ್ದ ದೊಡ್ಡಮ್ಮ ವಿಚಾರಿಸಿದ್ದು ನೆಂಟರನ್ನಲ್ಲ, ನನ್ನ ತಲೆನೋವನ್ನು. ಪ್ರತಿವರ್ಷ ಯುಗಾದಿ ಮುಗಿಯುತ್ತಲೇ ಬಲಗಣ್ಣಿನ ಹಿಂದೆ ಬಂದು ಕೂತು, ಮನೆಯ ಟ್ರಾನ್ಸಿಸ್ಟರಿನ ಬಾಯಿ ಕಟ್ಟಿಸಿ, ತಿಂಗಳುಗಟ್ಟಲೆ ನನ್ನ ತಲೆಯನ್ನು ಕಂಬಕ್ಕೆ ಚಚ್ಚಿಸುತ್ತಿದ್ದ ಆ ಮಹಾನುಭಾವ ಐದಾರು ವರ್ಷದಿಂದ ಇತ್ತ ಸುಳಿದಿಲ್ಲ.

ಓಡಿಸಿದವರಿಗೇನೂ ಬರವಿಲ್ಲ. ತಾನು ಹಣೆಗೆ ಬರೆ ಹಾಕಿದ್ದರಿಂದ ಎನ್ನುತ್ತಾರೆ ದೊಡ್ಡಮ್ಮ. ಸಂಪಿಗೆ ಊರಿನ ದೇವರಿಗೆ ಹರಕೆ ಹೊತ್ತಿದ್ದರಿಂದ ಎನ್ನುತ್ತಾಳೆ ಹೆಂಡತಿ. ತಿಪಟೂರಿನ ಡಾಕ್ಟರಂತೂ ಕನ್ನಡಕ ಬದಲಾಯಿಸಿದ ಕೀರ್ತಿಯನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಎಲ್ಲರಿಗೂ ಕೈ ಮುಗಿದಿದ್ದೇನೆ. ಅದು ಇನ್ನು ಬರುವುದೇ ಇಲ್ಲ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಒಬ್ಬರಿಗೂ ಇಲ್ಲ.

ದೊಡ್ಡಮ್ಮ ಹಾಗೆ ಕೇಳಿದಾಗ ನಾವಿಬ್ಬರೂ ಅಟ್ಟದಿಂದ ಇಳಿಸಿದ ತೆಂಗಿನಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡಿದೆಯೇ ಎಂದು ನೋಡುತ್ತಿದ್ದೆವು. ಬಂದಿಲ್ಲವೆಂದು ದೊಡ್ಡಮ್ಮನಿಗೆ ತಲೆ ಅಲ್ಲಾಡಿಸಿದವನು, ಒಳಗೇನಾದರೂ ಅಲುಗೀತೇ ಎಂದು ಹಾಗೇ ಕಿವಿಗೊಟ್ಟು ಕೂತುಬಿಟ್ಟೆ.

ದೊಡ್ಡಮ್ಮ ನನ್ನ ಮುಖವನ್ನೇ ನೋಡಿದರು. ಸೆರಗಿನ ಗಂಟು ಬಿಚ್ಚಿ, ಅಂದು ಸುಟ್ಟು ಬರೆ ಹಾಕಿದ್ದ ಅದೇ ಅರಿಸಿನದ ಕೊಂಬನ್ನು ತೆಗೆದು ಗೋಡೆಯ ಗೂಡಿನಲ್ಲಿಟ್ಟರು.

“ಇರ್ಲಿ ಬುಡು, ಬಂದ್ರೆ ಬೇಕಾಯ್ತದೆ.”

ಮೂಢನಂಬಿಕೆಯೆಂದರೆ ನನಗೆ ಆಗದು. ದೊಡ್ಡಮ್ಮ ಬಸ್ಸು ಹತ್ತಿದ ಕೂಡಲೇ ಅದನ್ನು ತಿಪ್ಪೆಗೆ ಎಸೆಯಲು ಹೊರಟೆ, ಬಾಗಿಲವರೆಗೆ ಹೋಗಿ ವಾಪಸು ತಂದಿಟ್ಟೆ. ಈಗ ಗೂಡು ಒರೆಸುವಾಗ ಹೆಂಡತಿ ಅದನ್ನು ಮುಟ್ಟಿದರೂ ಗದರುತ್ತೇನೆ.